ಇಬ್ಬರು ಪಾಬ್ಲೊಗಳು

ಹಾಸನದಲ್ಲಿ ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಮಕ್ಕಳಿಗೆ ಪಾಬ್ಲೊ ಅಂದರೆ ಪಿಕಾಸೊ, ಅಷ್ಟೇ. ಸ್ಪೇನಿನಲ್ಲಿ ಅದು ನಮ್ಮ ಮಂಜುನಾಥನ ಹಾಗೆ ಬೀದಿಗೊಬ್ಬರಿಗೆ ಇರುವ ಹೆಸರು. ಸಂಗೀತದಲ್ಲೂ ಪಾಬ್ಲೊಗಳಿದ್ದಾರೆ. ಪಿಟೀಲಿನ ಸರಸಾತೆ ಒಬ್ಬರು, ಅವರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ನನಗೆ ಪ್ರೀತಿ ಜಾಸ್ತಿ ಇರುವುದು ಚೆಲ್ಲೊ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ನುಡಿಸುತ್ತಿದ್ದ ಪಾಬ್ಲೊ ಕಸಾಲ್ಸ್ ಮೇಲೆ.

1890ರಲ್ಲಿ, 13 ವರ್ಷದ ಹುಡುಗನಾಗಿದ್ದಾಗ, ಅಪ್ಪನ ಜೊತೆ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಹಳೇ ಸ್ವರಲಿಪಿಗಳನ್ನು ತಡಕಾಡುವಾಗ ಜರ್ಮನಿಯ ಹಳೇ ಕಾಲದ ಸಂಗೀತಗಾರ ಬಾಖ್ ಒಂಟಿ ಚೆಲ್ಲೊಗೆ ಬರೆದ ಆರು ಕೃತಿಗಳು ಅವರ ಕೈಗೆ ಸಿಕ್ಕವು. ಜನರ ಮುಂದೆ ನುಡಿಸುವ ಧೈರ್ಯ ಬರುವ ತನಕ ವರ್ಷಗಟ್ಟಲೆ ಸಾಧನೆ ಮಾಡಿದರು. ಆರನ್ನೂ ರೆಕಾರ್ಡ್ ಮಾಡಿದ್ದು 1936ರಿಂದ 1939ರ ನಡುವೆ, ಅಂದರೆ ಅವರ ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದ್ದಾಗಲೇ. ಮಕ್ಕಳು ಚಿತ್ರ ಬಿಡಿಸುವಾಗ ಇದನ್ನೇ ಹಾಕುತ್ತೇನೆ. ಹಿಂದೆ ಚರಚರ ಸದ್ದು ಇದೆ ನಿಜ, ಆದರೆ ಕಮಾನು ತಂತಿಯನ್ನು ಗಟ್ಟಿಯಾಗಿ ಹಿಡಿದು ಎಳೆಯುವುದು ಕೇಳಿಸುತ್ತದೆ, ಎಲ್ಲೂ ನಯಮಾಡಲು ಹೋಗಿಲ್ಲ.

ಅದೇ ಯುದ್ಧದಲ್ಲಿ, 1937ರ ಏಪ್ರಿಲ್ 26ರಂದು, ಸರ್ಕಾರದ ವಿರುದ್ಧ ದಂಗೆಯೆದ್ದು ಆಮೇಲೆ ಸ್ಪೇನಿನ ಸರ್ವಾಧಿಕಾರಿಯಾದ ಸೇನಾಧಿಕಾರಿ ಫ್ರಾಂಕೊ ಪರವಾಗಿ ಬಂದ ಜರ್ಮನ್ ವಿಮಾನಗಳು ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಹಾಕಿದವು. ಪ್ಯಾರಿಸ್‌ನಲ್ಲಿದ್ದ ಪಿಕಾಸೊ ಏಳೂ ಮುಕ್ಕಾಲು ಮೀಟರ್ ಉದ್ದದ ಚಿತ್ರ ಬರೆದರು. ಬರೀ ಕಪ್ಪು, ಬಿಳಿ, ಬೂದು. ಎಡತುದಿಯಲ್ಲಿ ಸತ್ತ ಕೂಸನ್ನು ಹಿಡಿದ ತಾಯಿ ಕತ್ತೆತ್ತಿ ಅರಚುತ್ತಿದ್ದಾಳೆ. ಅದನ್ನು ನೋಡದವರು ಕಮ್ಮಿ ಅಲ್ವಾ?

ಕಸಾಲ್ಸ್ ಮಾಡಿದ್ದು ಮಾತ್ರ ಕಣ್ಣಿಗೆ ಕಾಣುವಂಥದ್ದಲ್ಲ. ಗಡಿ ದಾಟಿ ಫ್ರಾನ್ಸಿನ ಪ್ರಾದ್ ಎಂಬ ಸಣ್ಣ ಊರು ಸೇರಿದರು. ಎರಡನೇ ಮಹಾಯುದ್ಧ ಗೆದ್ದ ದೇಶಗಳು ಫ್ರಾಂಕೊನನ್ನು ಸುಮ್ನೆ ಬಿಟ್ಟಾಗ ಕಛೇರಿ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಜಗತ್ತೇ ಕರೆಯುತ್ತಿದ್ದ ಕಲಾವಿದ ವಾದ್ಯ ಕೆಳಗಿಡುವುದು ಸಣ್ಣ ಮಾತಲ್ಲ, ಚಿತ್ರಕ್ಕಿಂತ ಕಮ್ಮಿ ಪ್ರತಿಭಟನೆಯೂ ಅಲ್ಲ. ಕೊನೆಗೆ 1950ರಲ್ಲಿ ಬೇರೆ ಕಲಾವಿದರೇ ಪ್ರಾದ್‌ಗೆ ಹೋಗಿ ಅವರ ಜೊತೆ ಬಾಖ್ ನುಡಿಸಿದರು.

ಇಬ್ಬರೂ ತೀರಿಕೊಂಡಿದ್ದು 1973ರಲ್ಲಿ. ಪಿಕಾಸೊ ಏಪ್ರಿಲ್‌ನಲ್ಲಿ, ಫ್ರಾನ್ಸಿನಲ್ಲಿ. ಕಸಾಲ್ಸ್ ಅಕ್ಟೋಬರ್‌ನಲ್ಲಿ, ಪೋರ್ಟೊ ರಿಕೊದಲ್ಲಿ. ಫ್ರಾಂಕೊ ಸತ್ತಿದ್ದು 1975ರಲ್ಲಿ. ಇನ್ನೆರಡು ವರ್ಷ ಇದ್ದಿದ್ದರೆ ಅಂತ ನೆನೆದಾಗಲೆಲ್ಲ ಸಂಕಟವಾಗುತ್ತದೆ. ಕಸಾಲ್ಸ್ ಅವರ ದೇಹವನ್ನು 1979ರಲ್ಲಿ ಹುಟ್ಟೂರು ಎಲ್ ವೆಂದ್ರೆಲ್‌ಗೆ ತಂದರು. ನ್ಯೂಯಾರ್ಕಿನಲ್ಲಿದ್ದ ಗೆರ್ನಿಕಾ ಚಿತ್ರ ಸ್ಪೇನಿಗೆ ಬಂದಿದ್ದು 1981ರಲ್ಲಿ.