ಬ್ರೇಕಿಗೆ ಬಂದ ಮೆಸೇಜು

ಕಳೆದ ಗುರುವಾರ ಬೆಳಿಗ್ಗೆಯಿಂದ ನನ್ನ ಫೋನು ಟಿಂಗ್ ಅನ್ನುತ್ತಲೇ ಇತ್ತು. ಮೊದಲನೇ ಮೆಸೇಜು: ನಿಮ್ಮ ಕಾರನ್ನು ಒಳಗೆ ತಗೊಂಡಿದ್ದೇವೆ. ಮುಕ್ಕಾಲು ತಾಸಿಗೆ ಎರಡನೆಯದು, ಫೋಟೋ ಸಮೇತ. ಮುಂದಿನ ಗಾಲಿ ಬಿಚ್ಚಿ ಬ್ರೇಕ್ ಪ್ಯಾಡಿಗೆ ಅಳತೆಪಟ್ಟಿ ಹಿಡಿದಿದ್ದರು. 2 ಮಿಲಿಮೀಟರ್, ಕೆಂಪು ಗುರುತು. ಹಿಂದಿನವು 6, ಹಸಿರು. ಹೊಸ ಪ್ಯಾಡು 10-12 ಮಿಲಿಮೀಟರ್ ಇರುತ್ತದೆ, 3ಕ್ಕೆ ಇಳಿಯಿತೆಂದರೆ ಬದಲಿಸಬೇಕು. ಎರಡು ವಾರದಿಂದ ಬ್ರೇಕ್ ಒತ್ತಿದಾಗೆಲ್ಲ ಕಿರ್ರ್ ಅಂತಿತ್ತು, ನಾನು ಧೂಳು ಇರಬೇಕು ಅಂತ ಸುಮ್ನಿದ್ದೆ. ಪ್ಯಾಡು ಸವೆದಾಗ ಅದಕ್ಕಂಟಿದ ಸಣ್ಣ ತಗಡು ಡಿಸ್ಕಿಗೆ ತಾಗಿ ಕಿರುಚುತ್ತದಂತೆ. ನಮ್ಮಂಥ ಸೋಮಾರಿಗಳಿಗೆ ಅಂತಲೇ ಮಾಡಿಟ್ಟ ಏರ್ಪಾಡು. ಅದನ್ನೂ ಒಂದು ವಿಡಿಯೋ ಮಾಡಿ ಕಳಿಸಿದ್ದರು.

ನಾವಿರೋದು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಗ್ಯಾರೇಜು ಮನೆಯಿಂದ ನಾಲ್ಕು ರಸ್ತೆ ಆಚೆ, ದೊಡ್ಡ ಕಂಪನಿಯೇನಲ್ಲ, ಅಪ್ಪ-ಮಗ ನಡೆಸುವ ಅಂಗಡಿ. ಮಗಳ ಬೇಸ್‌ಬಾಲ್ ತಂಡದ ಅಂಗಿ ಬೆನ್ನಿನ ಮೇಲೆ ಇವರದೇ ಹೆಸರಿದೆ. ನವೆಂಬರಿನಲ್ಲಿ ಬಡವರಿಗೆ ಹಂಚಲು ಡಬ್ಬಿ ಆಹಾರ ತಂದುಕೊಟ್ಟರೆ ಆಯಿಲ್ ಬದಲಿಸುವಾಗ ಒಂದಿಷ್ಟು ರೊಕ್ಕ ಬಿಡುತ್ತಾರೆ. ನಮ್ಮ ಕಡೆ ಗಣಪ್ಪನ ಪಟ್ಟಿ ಕೊಟ್ಟ ಅಂಗಡಿಯವರ ಹೆಸರು ಮೈಕಿನಲ್ಲಿ ಕೂಗುತ್ತಾರಲ್ಲ, ಹಾಗೇ.

ಮಧ್ಯಾಹ್ನದ ಹೊತ್ತಿಗೆ ಐದು ಮೆಸೇಜಾಗಿತ್ತು. ಶಾಲೆಯಿಂದ ಬಂದ ಮಗಳು ಒಂದೊಂದೇ ಸರಿಸಿ ನೋಡಿದಳು. ಅವಳಿಗೆ ಒಂಬತ್ತು ವರ್ಷ. ಫೋನು ನನ್ನ ಕೈಗಿಟ್ಟು ಕೇಳಿದಳು: "ಅಪ್ಪಾ, ಕಾರಿಗೆ ಇಷ್ಟು ಮೆಸೇಜ್ ಬರ್ತಾವ. ಅಜ್ಜಿ ಹಾಸ್ಪಿಟಲ್‌ನ್ಯಾಗ ಇದ್ದಾಗ ಯಾಕ ಒಂದೂ ಬರಲಿಲ್ಲ?"

ನಾನು ಚಹಾ ಸೋಸುತ್ತಿದ್ದೆ. ಅರ್ಧ ಕಟ್ಟೆಯ ಮೇಲೆ ಹೋಯಿತು.

ಹೋದ ವರ್ಷ ಆಗಸ್ಟಿನಲ್ಲಿ ಅವ್ವನಿಗೆ ಉಸಿರು ಕಟ್ಟಿ, ಬಾಗಲಕೋಟೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಸೇರಿಸಿದ್ದೆವು ಅನ್ನೋದು ಸುಳ್ಳು. ನಾನು ಇಲ್ಲಿದ್ದೆ, ಹನ್ನೆರಡೂವರೆ ತಾಸಿನ ಅಂತರದಲ್ಲಿ. ರಾತ್ರಿಯೆಲ್ಲ ಆಸ್ಪತ್ರೆಗೆ ಫೋನು ಮಾಡುತ್ತಿದ್ದೆ. ಡಾಕ್ಟರು ರೌಂಡ್ಸ್‌ನಲ್ಲಿದ್ದಾರೆ. ಸಿಸ್ಟರ್ ಊಟಕ್ಕೆ ಹೋಗಿದ್ದಾರೆ. ಪೇಷಂಟ್ ಜೊತೆ ಯಾರಿದ್ದಾರೋ ಅವರನ್ನೇ ಕೇಳಿ. ನಾಲ್ಕು ದಿನದಲ್ಲಿ ಅಲ್ಲಿಂದ ನನಗೆ ತಾನಾಗಿ ಬಂದ ಒಂದೇ ಸುದ್ದಿ, ಇನ್ನಷ್ಟು ಅಡ್ವಾನ್ಸ್ ಕಟ್ಟಬೇಕು ಅನ್ನೋದು.

ಅವ್ವನ ಜೊತೆ ಇದ್ದದ್ದು ಮಿಸ್ತ್ರಿ ಕಾಕಾ. ನವನಗರದಲ್ಲಿ ನಮ್ಮ ಮನೆಯ ಸಾಲಿನಲ್ಲೇ ಅವರ ಗ್ಯಾರೇಜು. ರಿಪೇರಿಗೆ ಬಂದಿದ್ದ ಯಾರದೋ ಕಾರಿನಲ್ಲೇ ಅವ್ವನನ್ನು ಕೂರಿಸಿಕೊಂಡು ಹೋಗಿದ್ದರು. ಕಾರಿನ ಮಾಲೀಕರಿಗೆ ಅದು ಇಂದಿಗೂ ಗೊತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ, ಎದ್ದಾಗೊಮ್ಮೆ ನನಗೆ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. "ಈಗ ನಾಕು ಚಮಚಾ ಗಂಜಿ ಕುಡದಾರ ವೈನಿ. ನನಗ ಬೈಯಾಕತ್ತಾರ. ಅಂದ್ರ ಆರಾಮ ಆಗಾಕತ್ತಾರಂತ ತಿಳಕೋ ತಮ್ಮಾ." ಒಮ್ಮೆ ಸಲೈನ್ ಬಾಟಲಿಯ ಫೋಟೋ ಕಳಿಸಿದ್ದರು. ಎಷ್ಟು ಉಳಿದಿದೆ ಅಂತ ತೋರಿಸಲು ಹೆಬ್ಬೆರಳು ಇಟ್ಟಿದ್ದರು. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಡಾಕ್ಟರನ್ನು ತಡೆದು ನಿಲ್ಲಿಸಿ "ಯಾವ ಪಾರ್ಟ್ ಹೋಗೇತ್ರಿ?" ಅಂತ ಕೇಳಿದ್ದರಂತೆ. ಆಮೇಲೆ ಪಕ್ಕದ ಹಾಸಿಗೆಯವರೂ ತಮ್ಮ ಚೀಟಿ ತಂದು ಇವರ ಕೈಗೇ ಕೊಡತೊಡಗಿದರು, ನೀವಾದರೂ ಕೇಳಿ ಹೇಳಿ ಅಂತ.

ಇದನ್ನೆಲ್ಲ ಮಗಳಿಗೆ ಹೇಳಿದೆ. ನಮ್ಮವರ ಪ್ರೀತಿ ನೋಡು ಅಂತ ಒಂದು ಮಾತು ಸೇರಿಸಬೇಕು ಅನಿಸಿತು, ಸೇರಿಸಲಿಲ್ಲ. ಕಾಕಾ ಇಲ್ಲದವರು ಆ ವಾರ್ಡಿನಲ್ಲಿ ಎಷ್ಟು ಜನ ಇದ್ದರೋ. ಇಲ್ಲಿಯ ಗ್ಯಾರೇಜಿನವನು ಹೇಳಿ ಕೇಳಿ ಕೆಲಸ ಮಾಡೋದು ಪ್ರೀತಿಯಿಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ 1971ರಲ್ಲೇ ಅದಕ್ಕೊಂದು ಕಾನೂನು ಮಾಡಿದ್ದಾರೆ. ಕೆಲಸಕ್ಕೆ ಮುಂಚೆ ಖರ್ಚಿನ ಅಂದಾಜು ಕೊಡಬೇಕು. ಅದು ಹೆಚ್ಚಾಗುವಂತಿದ್ದರೆ ಮತ್ತೆ ಕೇಳಬೇಕು. ಬಿಚ್ಚಿದ ಹಳೇ ಸಾಮಾನು ಬೇಕು ಅಂತ ಮೊದಲೇ ಹೇಳಿದ್ದರೆ ವಾಪಸ್ ಕೊಡಬೇಕು. ಫೋಟೋ, ವಿಡಿಯೋ ಎಲ್ಲ ಇವರು ಮೇಲೆ ಹಾಕುವ ಸಕ್ಕರೆ.

ತಮಾಷೆ ಅಂದರೆ, ಆಸ್ಪತ್ರೆಯಿಂದ ಅಷ್ಟು ಸುದ್ದಿ ಕಳಿಸಿದ ಕಾಕಾ ತಮ್ಮ ಗಿರಾಕಿಗೆ ಮಾತ್ರ ಏನೂ ಹೇಳುವವರಲ್ಲ. ಯಾವ ಗಾಡಿ ಕೇಳಿದರೂ "ನಾಳಿಗಿ ಆಗ್ತೈತ್ರಿ". ಮೊದಲು ಅವರ ಗ್ಯಾರೇಜು ಹಳೇ ಊರಿನಲ್ಲಿತ್ತು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಓಣಿಗೆ ಓಣಿಯೇ ಖಾಲಿಯಾಗುತ್ತಿದ್ದ ಕಾಲ. ಅಣೆಕಟ್ಟಿನಲ್ಲಿ ನೀರು ನಿಲ್ಲುವ ಮಟ್ಟ, 519.60 ಮೀಟರ್ ಅನ್ನೋ ಅಂಕಿ ನಮಗೆಲ್ಲ ಮಗ್ಗಿಯ ಹಾಗೆ ಬಾಯಿಪಾಠ. ಕಾಕಾ ಹೊರಡುವಾಗ ಗೋಡೆಯ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ "ಗ್ಯಾರೇಜ್ ನವನಗರಕ್ಕೆ ಹೋಗಿದೆ" ಅಂತ ಬರೆದರು. ಯಾವ ಸೆಕ್ಟರ್ ಅಂತ ಬರೆಯಲಿಲ್ಲ. ಗಿರಾಕಿಗಳು ಒಂದು ತಿಂಗಳು ಸೆಕ್ಟರ್ ಸೆಕ್ಟರ್ ತಿರುಗಿ ಹುಡುಕಿಕೊಂಡು ಬಂದರು. ಬಂದರು ಅನ್ನೋದು ಮುಖ್ಯ ಅಂತ ಕಾಕಾನ ವಾದ. ಹೋಳಿ ಹುಣ್ಣಿವೆ ಬಂದರಂತೂ ಎಲ್ಲರ ಗಾಡಿ ಮೂಲೆಗೆ. ಓಣಿಯ ಬಣ್ಣದ ಬಂಡಿಗೆ ಬ್ಯಾರಲ್ ಕಟ್ಟೋದು, ಸೋರುವ ಕಡೆ ವೆಲ್ಡಿಂಗ್ ಮಾಡೋದು ಅವರದೇ ಕೆಲಸ. ಹಲಗಿ ಸದ್ದು ಕೇಳುತ್ತಿದ್ದಂತೆ ಪಾನಾ ಕೆಳಗಿಟ್ಟು ಹೊರಟರೆ, ಬಣ್ಣ ಮುಗಿಯುವ ತನಕ ಆ ಮನುಷ್ಯ ಯಾರ ಕೈಗೂ ಸಿಗುವುದಿಲ್ಲ.

ಅಪ್ಪನ ಚೇತಕ್ ಅವರ ಗ್ಯಾರೇಜಿಗೆ ಹೋಗಿ ಎರಡು ವರ್ಷವಾಯಿತು. ಅಪ್ಪ ಅದನ್ನು ವಾರೆ ಮಾಡಿ ಕಿಕ್ ಹೊಡೆಯುತ್ತಿದ್ದದ್ದು, ಹಿಂದೆ ಕೂತ ನಾನು ಬೀಳುತ್ತೇನೆ ಅಂತ ಅವರ ಅಂಗಿ ಹಿಡಿಯುತ್ತಿದ್ದದ್ದು, ಅಷ್ಟೇ ಈಗ ಉಳಿದಿರೋದು. ಸಲ ಸಲ ಕೇಳುತ್ತೇನೆ. "ಕಾರ್ಬೊರೇಟರ್ ಬಿಚ್ಚೀನಿ ತಮ್ಮಾ" ಅನ್ನುತ್ತಾರೆ. ಎರಡು ವರ್ಷದಿಂದ ಬಿಚ್ಚಿಯೇ ಇದೆ.

ಆ ರಾತ್ರಿ ಕಾಕಾಗೆ ವಿಡಿಯೋ ಕಾಲ್ ಮಾಡಿ, ಕೇಳಿ ತಂದಿದ್ದ ಹಳೇ ಪ್ಯಾಡು ತೋರಿಸಿದೆ.

"ಹತ್ರ ಹಿಡಿ... ಇನ್ನೂ ನಾಕು ತಿಂಗಳ ಓಡತಿತ್ತಲ್ಲೋ! ಎಷ್ಟ ಕೊಟ್ಟಿ?"

"300 ಡಾಲರ್, ಕಾಕಾ."

ಕಾಕಾ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆಮೇಲೆ ಫೋನನ್ನು ಗ್ಯಾರೇಜಿನ ಹುಡುಗನ ಕಡೆ ತಿರುಗಿಸಿದರು: "ನೋಡೋ ಇಲ್ಲೆ, ಇವಂಗ ಹೆಂಗ ಬೋಳಿಸ್ಯಾರ!"

ಅಷ್ಟರಲ್ಲಿ ಮಗಳು ನಡುವೆ ತಲೆ ಹಾಕಿದಳು. "ಅಜ್ಜಾ, ನಮ್ಮ ಸ್ಕೂಟರ್‌ದೂ ಫೋಟೋ ಕಳಸ್ತೀರೇನು? ಅಳತಿ ಹಚ್ಚಿ."

ಕಾಕಾ ನಕ್ಕರು. ಲೈನು ಹೋಯಿತು.

ಬೆಳಿಗ್ಗೆ ಎದ್ದು ನೋಡಿದರೆ ಫೋಟೋ ಬಂದಿತ್ತು. ಚೇತಕ್ ಗೋಡೆಗೆ ಒರಗಿದೆ, ಮುಂದಿನ ಗಾಲಿ ಇಲ್ಲ, ಸೀಟಿನ ಮೇಲೆ ಒಂದು ಬೆಕ್ಕು ಮಲಗಿದೆ. ಮೂಲೆಯಲ್ಲಿ ಅದೇ ಕಪ್ಪು ಹೆಬ್ಬೆರಳು. ಕೆಳಗೆ ಎರಡು ಸೆಕೆಂಡಿನ ವಾಯ್ಸ್ ಮೆಸೇಜು. ಮಗಳು ಒತ್ತಿದಳು.

"ನಾಳಿಗಿ, ತಂಗಿ."