ಮಡಚುವ ವಿಭಾಗಗಳಿಗೆ ಡೀಟೇಲ್ಸ್ ಟ್ಯಾಗ್ ಸಾಕು, ಕನ್ನಡ ಅಕ್ಷರಗಳ ಕಡೆ ಗಮನ ಬೇಕು

ಪ್ರಶ್ನೋತ್ತರದ ಪುಟ ಎಂದರೆ ಅಕಾರ್ಡಿಯನ್ ಬೇಕೇ ಬೇಕು. ಪ್ರಶ್ನೆ ಮುಟ್ಟಿದರೆ ಉತ್ತರ ತೆರೆಯಬೇಕು, ಮತ್ತೆ ಮುಟ್ಟಿದರೆ ಮುಚ್ಚಿಕೊಳ್ಳಬೇಕು. ಇಷ್ಟಕ್ಕೆ ಇವತ್ತಿಗೂ ಪ್ಲಗಿನ್ ಹುಡುಕುವವರಿದ್ದಾರೆ. ಅದರ ಅಗತ್ಯವಿಲ್ಲ. ವೆಬ್ ಪುಟದ ರಚನೆ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇರುವ ಡೀಟೇಲ್ಸ್ ಮತ್ತು ಸಮರಿ ಟ್ಯಾಗ್‌ಗಳು ಕ್ರೋಮ್‌ಗೆ 2011ರಲ್ಲೇ ಬಂದವು, ಫೈರ್‌ಫಾಕ್ಸ್‌ಗೆ 2016ರಲ್ಲಿ. 2020ರ ಜನವರಿಯಲ್ಲಿ ಎಡ್ಜ್ ಕೂಡ ಸೇರಿಕೊಂಡಿತು. ಎಂಟರ್, ಸ್ಪೇಸ್ ಕೀಗಳು ಕೆಲಸ ಮಾಡುವುದು, ವಿಭಾಗ ತೆರೆದಿದೆಯೋ ಮುಚ್ಚಿದೆಯೋ ಎಂದು ಪರದೆಯ ಪಠ್ಯವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಿಳಿಯುವುದು, ಇವೆಲ್ಲ ಒಂದು ಸಾಲು ಸ್ಕ್ರಿಪ್ಟ್ ಇಲ್ಲದೆ ಸಿಗುತ್ತವೆ.

ಡೀಟೇಲ್ಸ್ ಒಳಗೆ ಮೊದಲು ಸಮರಿ, ಅದರಲ್ಲಿ ಪ್ರಶ್ನೆ. ಅದರ ಕೆಳಗೆ ಒಂದು ಡಿವ್, ಅಂದರೆ ಸಾದಾ ಪೆಟ್ಟಿಗೆ, ಅದರಲ್ಲಿ ಉತ್ತರ. ಸಮರಿ ಬರೆಯುವುದನ್ನು ಮರೆತರೆ ಬ್ರೌಸರ್ ತನ್ನದೇ ಪದವೊಂದನ್ನು ಅಲ್ಲಿ ತೋರಿಸುತ್ತದೆ. ಒಂದು ವಿಭಾಗ ಮೊದಲೇ ತೆರೆದಿರಬೇಕಾದರೆ ಟ್ಯಾಗ್‌ನೊಳಗೆ ಓಪನ್ ಎಂಬ ಆಟ್ರಿಬ್ಯೂಟ್ (ಗುಣಸೂಚಕ ಪದ) ಸೇರಿಸಿ. ಅದಕ್ಕೆ 'ಫಾಲ್ಸ್' ಎಂಬ ಬೆಲೆ ಕೊಟ್ಟರೂ ವಿಭಾಗ ತೆರೆದೇ ಇರುತ್ತದೆ, ಏಕೆಂದರೆ ಬ್ರೌಸರ್ ನೋಡುವುದು ಆಟ್ರಿಬ್ಯೂಟ್ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ. ಮುಚ್ಚಬೇಕಾದರೆ ಅದನ್ನೇ ತೆಗೆಯಬೇಕು. ಸಮರಿಯೊಳಗೆ ಲಿಂಕ್ ಅಥವಾ ಬಟನ್ ಇಡಬೇಡಿ. ಮುಟ್ಟಿದರೆ ಯಾವುದು ಆಗಬೇಕು ಎಂಬ ಗೊಂದಲ ಶುರುವಾಗುತ್ತದೆ.

ಎಡಗಡೆಯ ತ್ರಿಕೋನ ಬೇಡವಾದರೆ ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಸಮರಿಗೆ ಲಿಸ್ಟ್-ಸ್ಟೈಲ್ ನನ್ (none) ಕೊಡಿ. ಹಳೆಯ ಸಫಾರಿಗೆ ಇದು ಸಾಲದು, ವೆಬ್‌ಕಿಟ್-ಡೀಟೇಲ್ಸ್-ಮಾರ್ಕರ್ ಅನ್ನೂ ಬೇರೆಯಾಗಿ ಮರೆಮಾಡಬೇಕು. ಸಮರಿಗೆ ಡಿಸ್‌ಪ್ಲೇ ಫ್ಲೆಕ್ಸ್ ಹಾಕಿದ ಕೂಡಲೇ ತ್ರಿಕೋನ ಮಾಯವಾಗಿ ಗಾಬರಿಯಾಗುವವರು ಬಹಳ. ತ್ರಿಕೋನ ಲಿಸ್ಟ್-ಐಟಂಗೆ ಅಂಟಿಕೊಂಡ ಗುರುತು, ಅಷ್ಟೇ. ತ್ರಿಕೋನ ತೆಗೆದರೆ ಬದಲಿಗೆ ಬೇರೊಂದು ಗುರುತು ಇಡಲೇಬೇಕು. ಇಲ್ಲದಿದ್ದರೆ ಇದು ತೆರೆಯುವ ವಿಭಾಗವೆಂದು ಓದುಗರಿಗೆ ಗೊತ್ತಾಗುವುದೇ ಇಲ್ಲ. ಬೆರಳಿಗೆ ಸಿಗುವಷ್ಟು ಜಾಗವೂ ಬೇಕು, ನನ್ನ ಲೆಕ್ಕದಲ್ಲಿ ಎತ್ತರ ಕನಿಷ್ಠ 44 ಪಿಕ್ಸೆಲ್. ಕೀಬೋರ್ಡ್‌ನಿಂದ ಆರಿಸಿದಾಗ ಸುತ್ತ ಕಾಣುವ ಗೆರೆಯನ್ನು, ಅಂದರೆ ಫೋಕಸ್ ಔಟ್‌ಲೈನ್ ಅನ್ನು, ಅಳಿಸಬೇಡಿ.

ಇಂಗ್ಲಿಷ್ ಪುಟಗಳಿಗೆಂದು ಮಾಡಿದ ಟೆಂಪ್ಲೇಟ್‌ಗಳು ಕೈಕೊಡುವುದು ಅಕ್ಷರಗಳ ವಿಷಯದಲ್ಲಿ. ಅವುಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಸಾಮಾನ್ಯವಾಗಿ ಅಕ್ಷರದ ಗಾತ್ರದ 1.2 ಪಟ್ಟು ಇರುತ್ತದೆ. ಅದರ ಜೊತೆ ಪೆಟ್ಟಿಗೆಯಿಂದ ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಸೇರಿದರೆ 'ರಾಷ್ಟ್ರ', 'ಸ್ತ್ರೀ'ಯಂಥ ಪದಗಳ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುತ್ತದೆ. ಸಮರಿಗೆ 1.6, ಉತ್ತರಕ್ಕೆ 1.7 ಕೊಟ್ಟು ನೋಡಿ, ಆಮೇಲೆ ನಿಮ್ಮ ಫಾಂಟ್‌ಗೆ ತಕ್ಕಂತೆ ಸರಿಪಡಿಸಿ. ಸಮರಿಗೆ ಹೈಟ್ ನಿಗದಿ ಮಾಡುವುದೂ ತಪ್ಪು. ಕನ್ನಡದ ಪ್ರಶ್ನೆ ಮೊಬೈಲಿನಲ್ಲಿ ಸುಲಭವಾಗಿ ಎರಡು ಮೂರು ಸಾಲಿಗೆ ಇಳಿಯುತ್ತದೆ. ಮಿನ್-ಹೈಟ್ ಕೊಟ್ಟು ಮೇಲೆ ಕೆಳಗೆ ಪ್ಯಾಡಿಂಗ್ ಬಿಡಿ.

ಮೆಲ್ಲಗೆ ತೆರೆಯುವ ಅನಿಮೇಶನ್ ಬೇಕೆಂದು ಮ್ಯಾಕ್ಸ್-ಹೈಟ್ 1000 ಪಿಕ್ಸೆಲ್ ಎಂದು ಬರೆಯುವ ಹಳೆಯ ಉಪಾಯ ನನಗೆ ಹಿಡಿಸುವುದಿಲ್ಲ. ಉತ್ತರ 150 ಪಿಕ್ಸೆಲ್ ಇದ್ದರೆ ಮುಚ್ಚುವಾಗ ಉಳಿದ 850 ಪಿಕ್ಸೆಲ್ ಸವೆಯುವವರೆಗೆ ಪರದೆಯ ಮೇಲೆ ಏನೂ ಆಗದು, ಪುಟ ತಡವರಿಸಿದಂತೆ ಕಾಣುತ್ತದೆ. ಈಗ ಒಳ್ಳೆಯ ದಾರಿಯಿದೆ. ಹೈಟ್ ಆಟೋವರೆಗೂ ಅನಿಮೇಶನ್ ನಡೆಯಲು ರೂಟ್‌ನಲ್ಲಿ (ಇಡೀ ಪುಟಕ್ಕೆ) ಇಂಟರ್‌ಪೊಲೇಟ್-ಸೈಜ್‌ಗೆ ಅಲೌ-ಕೀವರ್ಡ್ಸ್ ಕೊಡಿ. ಮಡಚುವ ಭಾಗವನ್ನು ಸೂಚಿಸುವ ಡೀಟೇಲ್ಸ್-ಕಂಟೆಂಟ್ ಎಂಬ ಸ್ಯೂಡೋ ಎಲಿಮೆಂಟ್‌ಗೆ ಹೈಟ್ 0, ಓವರ್‌ಫ್ಲೋ ಕ್ಲಿಪ್ ಇಡಿ, ತೆರೆದಾಗ ಹೈಟ್ ಆಟೋ ಮಾಡಿ. ಟ್ರಾನ್ಸಿಶನ್‌ನಲ್ಲಿ ಹೈಟ್ 0.25 ಸೆಕೆಂಡ್ ಎಂದು ಬರೆದು ನಿಲ್ಲಿಸಬಾರದು. ಪಠ್ಯ ಕಾಣುವುದನ್ನು ನಿರ್ಧರಿಸುವ ಕಂಟೆಂಟ್-ವಿಸಿಬಿಲಿಟಿಯನ್ನೂ ಅಷ್ಟೇ ಅವಧಿಗೆ ಅಲೌ-ಡಿಸ್ಕ್ರೀಟ್ ಜೊತೆ ಸೇರಿಸಬೇಕು. ಅದು ತಪ್ಪಿದರೆ ತೆರೆಯುವಾಗ ಚೆನ್ನಾಗಿದ್ದು ಮುಚ್ಚುವಾಗ ಪಠ್ಯ ಥಟ್ಟನೆ ಮಾಯವಾಗುತ್ತದೆ. ಕ್ರೋಮ್‌ನಲ್ಲಿ 131ನೇ ಆವೃತ್ತಿಯಿಂದ ಇದೆಲ್ಲ ನಡೆಯುತ್ತದೆ. ಬೆಂಬಲವಿಲ್ಲದ ಬ್ರೌಸರ್‌ನಲ್ಲಿ ಅನಿಮೇಶನ್ ಇಲ್ಲದೆ ತೆರೆಯುತ್ತದೆ, ಹಾಗಾಗಿ ನಷ್ಟವೇನಿಲ್ಲ. ಪ್ಯಾಡಿಂಗ್ ಅನ್ನು ಒಳಗಿನ ಡಿವ್‌ಗೇ ಕೊಡಿ. ಮಡಚುವ ಪೆಟ್ಟಿಗೆಗೆ ಕೊಟ್ಟರೆ ಹೈಟ್ 0 ಆದರೂ ಪ್ಯಾಡಿಂಗ್‌ನಷ್ಟು ಎತ್ತರ ಉಳಿಯುತ್ತದೆ. ಚಲನೆ ಬೇಡವೆಂದು ಫೋನಿನಲ್ಲೇ ಆರಿಸಿಕೊಂಡವರಿಗಾಗಿ ಪ್ರಿಫರ್ಸ್-ರೆಡ್ಯೂಸ್ಡ್-ಮೋಶನ್ ಅಡಿಯಲ್ಲಿ ಟ್ರಾನ್ಸಿಶನ್ ನಿಲ್ಲಿಸಿ.

ಒಂದು ತೆರೆದಾಗ ಉಳಿದವು ಮುಚ್ಚಬೇಕಿದ್ದರೆ ಎಲ್ಲ ಡೀಟೇಲ್ಸ್‌ಗೂ ನೇಮ್ ಎಂಬ ಆಟ್ರಿಬ್ಯೂಟ್‌ನಲ್ಲಿ ಒಂದೇ ಹೆಸರು ಕೊಟ್ಟರಾಯಿತು. ಕ್ರೋಮ್ ಮತ್ತು ಸಫಾರಿಗೆ ಇದು 2023ರ ಡಿಸೆಂಬರ್‌ನಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2024ರಲ್ಲಿ. ಆದರೆ ಎರಡು ಉತ್ತರಗಳನ್ನು ಹೋಲಿಸಿ ಓದುವ ಪುಟಗಳಲ್ಲಿ ಇದನ್ನು ಬಳಸಬೇಡಿ. ಓದುತ್ತಿದ್ದದ್ದು ಕಣ್ಣೆದುರೇ ಮುಚ್ಚಿಹೋದರೆ ಯಾರಿಗಾದರೂ ಕಿರಿಕಿರಿ.

ಸ್ಕ್ರಿಪ್ಟ್ ನಿಜವಾಗಿ ಬೇಕಾಗುವುದು ಮುದ್ರಣಕ್ಕೆ. ಮುಚ್ಚಿದ ಉತ್ತರಗಳು ಕಾಗದದ ಮೇಲೆ ಬರುವುದಿಲ್ಲ. ಅರ್ಜಿ ತುಂಬುವ ಸೂಚನೆಗಳಂಥ ಪುಟವಾದರೆ ಮುದ್ರಣಕ್ಕೆ ಮುನ್ನ ಬ್ರೌಸರ್ ಕೊಡುವ ಬಿಫೋರ್‌ಪ್ರಿಂಟ್ ಈವೆಂಟ್‌ನಲ್ಲಿ ಮುಚ್ಚಿದವನ್ನೆಲ್ಲ ಗುರುತಿಟ್ಟು ತೆರೆಯಿರಿ, ನಂತರದ ಆಫ್ಟರ್‌ಪ್ರಿಂಟ್‌ನಲ್ಲಿ ಅವುಗಳನ್ನಷ್ಟೇ ಮುಚ್ಚಿ. ನೇಮ್ ಕೊಟ್ಟಿದ್ದರೆ ತೆರೆಯುವ ಮುನ್ನ ಅದನ್ನು ತೆಗೆದಿಡಿ, ಇಲ್ಲವಾದರೆ ಕೊನೆಯದೊಂದೇ ತೆರೆದು ಉಳಿಯುತ್ತದೆ. ವಾಪಸ್ ಹಾಕುವುದು ಉಳಿದವನ್ನು ಮುಚ್ಚಿದ ಮೇಲೆ.