ಡ್ರೊಸೆರಾ ಗಿಡಕ್ಕೆ ಹಾಕಿದ ಹೊಯ್ಗೆ

ಹೋದ ತಿಂಗಳು ಒಂದು ಆದಿತ್ಯವಾರ ಇಡೀ ನಾನು ಬಾವಿಕಟ್ಟೆ ಹತ್ರ ಕೂತು ಹೊಯ್ಗೆ, ಅಂದ್ರೆ ಮರಳು, ತೊಳೆದೆ. ಅದಕ್ಕಿಂತ ಮುಂಚೆ ನನ್ನ ಮೂರು ಡ್ರೊಸೆರಾದಲ್ಲಿ ಎರಡು ಸತ್ತಾಗಿತ್ತು, ಆ ಬೇಜಾರು ಇನ್ನೂ ಉಂಟು.

ಡ್ರೊಸೆರಾ ಅಂದ್ರೆ ಎಲೆಯ ಕೂದಲು ಕೂದಲಿನ ತುದಿಯಲ್ಲೂ ಇಬ್ಬನಿ ಹಾಗೆ ಅಂಟು ಇಟ್ಕೊಂಡು ನುಸಿ, ಇರುವೆ ಹಿಡಿಯುವ ಗಿಡ. ನಮ್ಮ ಕರಾವಳಿಯ ಮುರಕಲ್ಲಿನ ಪಾದೆ ಮೇಲೂ ಅದರ ಜಾತಿಯವು ಬೆಳೀತವೆ, ಮಳೆ ತೊಳೆದು ತೊಳೆದು ಸಾರವೇ ಇಲ್ಲದ ಮಣ್ಣು ಅಲ್ವಾ ಅದು, ಹಾಗಾಗಿಯೇ ಹುಳ ಹಿಡಿದು ತಿನ್ನುದು. (ದಯವಿಟ್ಟು ಯಾರೂ ಅಲ್ಲಿಂದ ಕಿತ್ತು ತರ್ಬೇಡಿ.) ನಾನು ತರಿಸಿದ್ದು ದಕ್ಷಿಣ ಆಫ್ರಿಕಾ ಮೂಲದ ಕೇಪೆನ್ಸಿಸ್. ಪೀಟ್ ಮಾಸ್ (ಜೌಗು ನೆಲದಲ್ಲಿ ಅರೆ ಕೊಳೆತ ಪಾಚಿ) ಎರಡು ಪಾಲು, ಮರಳು ಒಂದು ಪಾಲು ಸೇರಿಸ್ಬೇಕು ಅಂತ ಗೊತ್ತಿತ್ತು, ಬರೀ ಪೀಟ್ ಹಾಕಿದ್ರೆ ಒತ್ತಿ ಕೂತು ಬೇರಿಗೆ ಗಾಳಿ ಸಿಗುದಿಲ್ಲ. ಮರಳಿಗೇನು, ಮಲ್ಪೆಯಲ್ಲಿ ದೊಡ್ಡಮ್ಮನ ಮನೆ ಹಿಂದೆಯೇ ಸಮುದ್ರ, ಒಂದು ಚೀಲ ತುಂಬಿಸಿ ತಂದೆ.

ಮೂರೇ ವಾರ. ಅಂಟು ಬತ್ತಿತು, ಎಲೆ ತುದಿ ಕಪ್ಪಾಯ್ತು, ನೀರು ಸಾಕಾಗ್ಲಿಲ್ಲ ಅಂದ್ಕೊಂಡು ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಹಾಕ್ತಾನೇ ಹೋದೆ.

ಆ ಆದಿತ್ಯವಾರ ಉಳಿದ ಹೊಯ್ಗೆಯನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಮೇಲಿಂದ ವಿನೆಗರ್ ಹೊಯ್ದೆ. ಬುಸ್ ಅಂತ ಸಣ್ಣ ಸಣ್ಣ ಗುಳ್ಳೆ ಎದ್ದವು. ಕಣ್ಣಿನ ಹತ್ರ ತಂದು ನೋಡಿದ್ರೆ ಬಿಳಿ ಬಿಳಿ ಚೂರು, ಮರುವಾಯಿ ಚಿಪ್ಪಿನದ್ದು. ಚಿಪ್ಪು ಸುಟ್ಟೇ ಅಲ್ವಾ ನಮ್ಮಲ್ಲಿ ಸುಣ್ಣ ಮಾಡ್ತಿದ್ದದ್ದು! ಹುಳಿ ಮಣ್ಣು ಬೇಕಾದ ಗಿಡದ ಬುಡಕ್ಕೆ ನಾನು ಸುಣ್ಣ ಹಾಕಿದ್ದೆ, ಜೊತೆಗೆ ಉಪ್ಪು ಬೇರೆ. ಈ ಗಿಡಗಳಿಗೆ ಹಾಕುವ ನೀರಿನ ಟಿಡಿಎಸ್, ಅಂದ್ರೆ ಅದರಲ್ಲಿ ಕರಗಿದ ಲವಣಗಳ ಅಳತೆ, 50 ದಾಟಬಾರದು ಅಂತ ಬೆಳೆಸುವವರು ಹೇಳ್ತಾರೆ, ಆ ಹೊಯ್ಗೆ ರಾತ್ರಿಯಿಡೀ ನೆನೆದ ನೀರಲ್ಲಿ ಮೀಟರ್ 400ರ ಮೇಲೆ ತೋರಿಸ್ತು.

ಆಚೆ ಮನೆ ಕಟ್ಟಲಿಕ್ಕೆ ಹೊಳೆ ಮರಳು ಬಂದು ಬಿದ್ದಿತ್ತು, ಉಪ್ಪುನೀರು ತಾಗದ ಮೇಲ್ಭಾಗದ್ದು, ಕೇಳಿ ಒಂದು ಬಕೆಟ್ ತಂದೆ. ವಿನೆಗರಿಗೆ ಗುಳ್ಳೆ ಬರ್ಲಿಲ್ಲ. ಎಂ-ಸ್ಯಾಂಡ್, ಅಂದ್ರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ಸುಲಭಕ್ಕೆ ಸಿಗ್ತದೆ ಹೌದು, ಆದ್ರೆ ಅದರಲ್ಲಿ ಕಲ್ಲಿನ ಹುಡಿ ಜಾಸ್ತಿ, ಹುಡಿ ಇದ್ರೆ ಮತ್ತೆ ಕೆಸರು ಗಟ್ಟಿಯಾದ ಹಾಗೆಯೇ. ಜರಡಿ ಹಿಡಿದು ಸಾಸಿವೆ ಗಾತ್ರದ ಕಾಳು ಮಾತ್ರ ಇಟ್ಕೊಂಡು ತೊಳೀಲಿಕ್ಕೆ ಕೂತೆ, ಎಷ್ಟು ತೊಳೆದ್ರೂ ನೀರು ಕೆಂಪೇ.

ಅಮ್ಮ ಬಂದು ನಿಂತು ನೋಡಿದ್ರು. "ಎಂತ ಮಾರಾಯ, ಹಾಗಲ್ಲ, ಇಲ್ಲಿ ಕೊಡು" ಅಂತ ಪಾತ್ರೆ ತಗೊಂಡು ಅಕ್ಕಿ ಗಾಳಿಸುವ ಹಾಗೆ ಒಂದು ಸುತ್ತು ತಿರುಗಿಸಿ, ವಾಲಿಸಿ, ಮೇಲಿನ ಕೆಂಪು ನೀರು ಮಾತ್ರ ಚೆಲ್ಲಿದ್ರು. ಎಂಟು ಸಲಕ್ಕೆ ನೀರು ತಿಳಿಯಾಯ್ತು, ಕೊನೇ ಸಲ ಮಳೆನೀರಲ್ಲಿ.

ಉಳಿದ ಆ ಒಂದು ಗಿಡದ ಬೇರಿನ ಹಳೇ ಮಣ್ಣು ಪೂರ್ತಿ ಬಿಡಿಸಿ ಹೊಸದಕ್ಕೆ ನೆಟ್ಟೆ. ಹಳೇ ಎಲೆಗಳು ಸರಿ ಆಗ್ಲೇ ಇಲ್ಲ, ಕತ್ತರಿಸಿ ತೆಗೆದೆ. ನಡುವಿಂದ ಮೊನ್ನೆ ಒಂದು ಎಲೆ ಸುರುಳಿ ಬಿಚ್ಚಿದೆ, ತುದಿಯಲ್ಲಿ ನಾಲ್ಕೈದು ಹನಿ. ಅಮ್ಮ ಬೆಳಿಗ್ಗೆ ತುಳಸಿಗೆ ನೀರು ಹಾಕಿ ಬರುವಾಗ ಅದನ್ನೂ ಬಗ್ಗಿ ನೋಡ್ತಾರೆ.